ಆಫ್ ಒತ್ತಿದರೆ ಅಂಕಲ್ ಬಣ್ಣ ಹೋಗುತ್ತೆ

ವಿಮಲಾ ಆಂಟಿ ಬಗ್ಗಿದರು. ಟೇಬಲ್ಲಿನ ಕೆಳಗಿದ್ದ ಯುಪಿಎಸ್ ಗುಂಡಿಯನ್ನು ಹೆಬ್ಬೆರಳಿನಿಂದ ಅದುಮಿ ಹಿಡಿದರು. ಓಡುತ್ತಿದ್ದ ಕಂಪ್ಯೂಟರ್ ಒಂದೇ ಏಟಿಗೆ ಕಣ್ಣು ಮುಚ್ಚಿತು.

ನಾನು ಕಿರುಚಿದೆ. ಸುಮ್ಮನೆ ಮಾತಿಗೆ ಹೇಳುತ್ತಿಲ್ಲ, ನಿಜವಾಗಿ ಕಿರುಚಿದೆ. ಒಳಗಿನ ರೂಮಿನಲ್ಲಿ ಮಲಗಿದ್ದ ಅಂಕಲ್ ‘ಏನೋ ಅದು, ಇಲಿ ಬಂತಾ?’ ಅಂತ ಕೇಳುವಷ್ಟು ಜೋರಾಗಿ.

ಯಾಕೆ ಕಿರುಚಬಾರದು ಹೇಳಿ? ಬೆಳಗ್ಗೆಯಿಂದ ಕೂತು ಆ ಕಂಪ್ಯೂಟರಿಗೆ ಹೊಸದಾಗಿ ಆಪರೇಟಿಂಗ್ ಸಿಸ್ಟಂ ಹಾಕಿ ಮುಗಿಸಿದ್ದೆ. ಕಾಫಿ ಲೋಟ ಇನ್ನೂ ಕೈಯಲ್ಲೇ ಇತ್ತು. ಆಂಟಿ ‘ಸಖತ್ತಾಗಿ ಬಂತು ಕಣೋ’ ಅಂದರು, ಗುಂಡಿ ಅದುಮಿದರು. ಮಗುವಿಗೆ ಸ್ನಾನ ಮಾಡಿಸಿ, ಪೌಡರ್ ಹಾಕಿ, ಮತ್ತೆ ಚರಂಡಿಗೆ ಇಳಿಸಿದ ಹಾಗೆ.

ನನ್ನ ಕಸುಬು ನಿಮಗೆ ಗೊತ್ತಿರುವುದೇ. ವಾರಕ್ಕೊಮ್ಮೆ ಈ ಅಂಕಣದಲ್ಲಿ ನಿಮ್ಮ ತಲೆ ತಿನ್ನುತ್ತೇನೆ. ಆರ್ಕೆಸ್ಟ್ರಾಗಳಲ್ಲಿ ಗಾಯಕರು ನೀರು ಕುಡಿಯಲು ಹೋದಾಗ ಮಿಮಿಕ್ರಿ ಮಾಡುತ್ತೇನೆ. ಬಿಡುವಿದ್ದಾಗ ಬನಶಂಕರಿ ಸೆಕೆಂಡ್ ಸ್ಟೇಜಿನ ಮನೆಗಳಲ್ಲಿ ಕಂಪ್ಯೂಟರ್ ರಿಪೇರಿ (ರಿಪೇರಿ ಅಂತ ನಾನು ಅನ್ನುತ್ತೇನೆ, ನಮ್ಮಮ್ಮ ಬೇರೆ ಪದ ಬಳಸುತ್ತಾರೆ).

ವಿಮಲಾ ಆಂಟಿ ರಿಟೈರ್ಡ್ ಡ್ರಾಯಿಂಗ್ ಟೀಚರ್. ಈಗ ಕಂಪ್ಯೂಟರಿನಲ್ಲಿ ರಂಗೋಲಿ ಬರೆದು ಒಂದು ಮಹಿಳಾ ವಾರಪತ್ರಿಕೆಗೆ ಕಳಿಸುತ್ತಾರೆ. ಅವರ ಯಜಮಾನರು ನಾಗರಾಜ್ ಅಂಕಲ್. ನನ್ನ ಮಿಮಿಕ್ರಿಯ ಮೊದಲ ಬಲಿ ಅವರೇ. ಮಾತಿಗೆ ಮುಂಚೆ ಒಂದು ಕೆಮ್ಮು, ಮಾತು ಮೂಗಿನಲ್ಲಿ, ಕೊನೆಗೆ ‘ಅರ್ಥ ಆಯ್ತೇನೋ?’. ನಾನು ಅದನ್ನು ಮಾಡಿ ತೋರಿಸಿದರೆ ಎಲ್ಲರಿಗಿಂತ ಜೋರಾಗಿ ನಗುವವರೂ ಅವರೇ.

ಆಂಟಿಯ ಕಂಪ್ಯೂಟರ್ ಇತ್ತೀಚೆಗೆ ಪದೇ ಪದೇ ಸಾಯುತ್ತಿತ್ತು. ನಾನು ಕರೆಂಟನ್ನು ಬೈದೆ. ಹಾರ್ಡ್ ಡಿಸ್ಕನ್ನು ಬೈದೆ. ಒಂದು ಜಿರಳೆಯ ಮೇಲೂ ಅನುಮಾನಪಟ್ಟೆ. ಕೊಲೆಗಾರರು ಪ್ರತಿ ಸಲ ನನಗೆ ಕಾಫಿ ತಂದುಕೊಡುತ್ತಿದ್ದರು ಅಂತ ನನಗೇನು ಗೊತ್ತು?

‘ಆಂಟಿ! ಸ್ಟಾರ್ಟ್‌ಗೆ ಹೋಗಿ ಟರ್ನ್ ಆಫ್ ಒತ್ಬೇಕು ಅಂತ ಎಷ್ಟು ಸಲ ಹೇಳಿದೀನಿ! ಹಿಂಗೆ ಕರೆಂಟ್ ಕಿತ್ರೆ ಸಿಸ್ಟಂ ಕೆಟ್ಟೋಗುತ್ತೆ!’

‘ಮೆಲ್ಲಗೆ ಮಾತಾಡು. ಅವರು ಒಳಗಿದಾರೆ.’

‘ಇರ್ಲಿ, ಅವರಿಗೂ ಗೊತ್ತಾಗ್ಲಿ ನೀವೇನ್ ಮಾಡ್ತಿದೀರ ಅಂತ.’

ಆಂಟಿ ಎದ್ದು ಹೋಗಿ ಒಳಗಿನ ರೂಮಿನ ಬಾಗಿಲು ಮುಂದೆ ಮಾಡಿ ಬಂದರು. ಕಂಪ್ಯೂಟರನ್ನು ಮತ್ತೆ ಆನ್ ಮಾಡಿದರು. ನನ್ನ ಪುಣ್ಯಕ್ಕೆ ಅದು ಎದ್ದಿತು. ಸ್ಕ್ರೀನಿನ ತುಂಬ ಅಂಕಲ್. ಲಾಲ್‌ಬಾಗಿನ ಹೂವುಗಳ ಮುಂದೆ ಕೆಂಪು ಸ್ವೆಟರ್ ಹಾಕಿಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಗುತ್ತಿರುವ ಫೋಟೋ. ಆಂಟಿಯ ಹಳೇ ವಾಲ್‌ಪೇಪರ್, ಬೆಳಗ್ಗೆ ನಾನೇ ವಾಪಸ್ ಕೂರಿಸಿದ್ದು.

‘ಈಗ ನೀನೇ ಟರ್ನ್ ಆಫ್ ಒತ್ತು. ಒತ್ತಿ ಅವರ ಮುಖ ನೋಡು.’

ಒತ್ತಿದೆ. ನಡುವೆ ಚಿಕ್ಕ ಪೆಟ್ಟಿಗೆ ಬಂತು. ಅದರಲ್ಲಿ ಹಳದಿ, ಕೆಂಪು, ಹಸಿರು ಗುಂಡಿಗಳು. ಈ ಹೊಸ ಸಿಸ್ಟಂ ಉಪಯೋಗಿಸುವ ನಿಮಗೂ ಗೊತ್ತಿರುತ್ತದೆ, ಪೆಟ್ಟಿಗೆಗೆ ಮಾತ್ರ ಬಣ್ಣ ಉಳಿದು ಹಿಂದಿರುವುದೆಲ್ಲ ನಿಧಾನವಾಗಿ ಕಪ್ಪು ಬಿಳುಪಾಗುತ್ತದೆ. ಗ್ರಾಫಿಕ್ಸ್‌ನ ಒಂದು ಶೋಕಿ. ನಾನು ಅದನ್ನು ಎಷ್ಟೋ ಸಲ ನೋಡಿದ್ದೇನೆ. ನೋಡಿಯೂ ನೋಡಿಲ್ಲ.

ಅವತ್ತು ನೋಡಿದೆ. ಮೊದಲು ಸ್ವೆಟರಿನ ಕೆಂಪು ಇಳಿಯಿತು. ಹೂವು ಸತ್ತವು. ಆಮೇಲೆ ಅಂಕಲ್ ತುಟಿ, ಕೆನ್ನೆ, ಹಣೆಯ ಕುಂಕುಮ. ಎಲ್ಲ ಬೂದಿ. ನಗು ಮಾತ್ರ ಹಾಗೇ ಇತ್ತು. ಹೆದರಿಕೆಯಾಗಿದ್ದು ಅದಕ್ಕೇ.

‘ಪೇಪರಿನ ಒಳಪುಟದಲ್ಲಿ ಹಾಕ್ತಾರಲ್ಲ,’ ಆಂಟಿ ಮೆಲ್ಲಗೆ ಹೇಳಿದರು, ‘ಕೆಳಗೆ ದುಃಖತಪ್ತ ಕುಟುಂಬ ವರ್ಗ ಅಂತ. ಹಂಗೇ ಇಲ್ವಾ?’

ತಕ್ಷಣ ನನ್ನ ಕೈಯಿಂದ ಮೌಸ್ ಕಿತ್ತುಕೊಂಡು ಕ್ಯಾನ್ಸಲ್ ಒತ್ತಿದರು. ಅಂಕಲ್ ಮತ್ತೆ ಕೆಂಪಗಾದರು. ಆಂಟಿ ಉಸಿರು ಬಿಟ್ಟರು.

ನನಗೆ ನಗು ಬಂತು. ಕೆಮ್ಮಿದೆ, ಮೂಗಿಗೆ ಹೋದೆ, ‘ವಿಮಲಾ, ನಾನಿನ್ನೂ ಕಲರ್ರಾಗೇ ಇದೀನಿ, ಅರ್ಥ ಆಯ್ತೇನೇ?’ ಅಂತ ಅಂಕಲ್ ಧ್ವನಿ ತೆಗೆದೆ.

ಆಂಟಿ ನಗಲಿಲ್ಲ. ‘ಬೇಡ ಕಣೋ. ಈ ವಾರ ಅವರ ಧ್ವನಿ ತೆಗೀಬೇಡ. ಗುರುವಾರ ಬೈಪಾಸ್ ಇದೆ.’

ಶಾಕ್ ಅಂದರೆ ಏನು ಅಂತ ಆಗ ಗೊತ್ತಾಯಿತು. ಅಂಕಲ್‌ಗೆ ಹುಷಾರಿಲ್ಲ ಅಂತ ಗೊತ್ತಿತ್ತು. ಎದೆ ಸೀಳುವಷ್ಟು ಅಂತ ಗೊತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಬುದ್ಧಿವಂತರು ಸುಮ್ಮನಿರುತ್ತಾರೆ. ನಾನು ಟೆಕ್ನಿಕಲ್ ಪರಿಹಾರ ಕೊಡಲು ಶುರು ಮಾಡಿದೆ.

‘ಸಿಂಪಲ್ ಆಂಟಿ. ಈ ಫೋಟೋ ತೆಗೆದು ಬೇರೆ ಯಾವ್ದಾದ್ರೂ ಹಾಕೋಣ.’

‘ಅವರ ಫೋಟೋ ತೆಗೀಬೇಕಾ? ಈ ವಾರ?’

ಸರಿ, ಅದು ಬೇಡ. ‘ಹಾಗಾದ್ರೆ ಆಫ್ ಮಾಡೋ ಮುಂಚೆ ನಿಮ್ಮ ರಂಗೋಲಿ ಪುಟ ದೊಡ್ಡದು ಮಾಡಿ ಮೇಲೆ ಮುಚ್ಬಿಡಿ. ಮುಖ ಕಾಣ್ಸೋದೇ ಇಲ್ಲ.’

‘ಮುಖ ಮುಚ್ಚೋದಾ?!’

ನಾಲಿಗೆ ಕಚ್ಚಿಕೊಂಡೆ. ‘ಆಯ್ತು, ಆಫೇ ಮಾಡ್ಬೇಡಿ. ಆ ಹಳದಿ ಗುಂಡಿ ಇದೆಯಲ್ಲ, ಅದನ್ನ ಒತ್ತಿದ್ರೆ ನಿದ್ದೆ ಹೋಗುತ್ತೆ. ಬೇಕಾದಾಗ ಎಬ್ಬಿಸ್ಕೊಂಡ್ರಾಯ್ತು.’

ಆಂಟಿ ನನ್ನ ಮುಖವನ್ನೇ ನೋಡಿದರು. ‘ಎಚ್ಚರ ಆಗ್ದೇ ಇದ್ರೆ?’

ಈ ಕಂಪ್ಯೂಟರಿನಲ್ಲಿ ಶುಭವಾದದ್ದು ಅಂತ ಒಂದಾದರೂ ಗುಂಡಿ ಇದೆಯಾ ಸ್ವಾಮಿ? ಡಿಲೀಟು, ಎಂಡು, ಎಸ್ಕೇಪು! ಕಂಪ್ಯೂಟರ್ ರಿಪೇರಿಗೆ ಬಂದವನು ಪಂಚಾಂಗ ತರಬೇಕು ಅಂತ ಯಾವ ಕೋರ್ಸಿನಲ್ಲೂ ಹೇಳಿಕೊಡುವುದಿಲ್ಲ.

ಕೊನೆಗೆ ಒಂದು ನೆನಪಾಯಿತು. ಆ ಸಿಸ್ಟಂ ಮಾಡಿದ ಕಂಪನಿಯ ವೆಬ್‌ಸೈಟಿನಲ್ಲಿ, ಗ್ರಾಫಿಕ್ಸ್ ಇನ್ನೂ ಚೆನ್ನಾಗಿರಲು ಬಳಸುವವರು ಸಲಹೆ ಕೊಡಿ ಅಂತ ಒಂದು ಪುಟ ಇದೆ. ಹೇಳಿದ್ದೇ ತಡ, ಆಂಟಿ ಬೆನ್ನು ನೆಟ್ಟಗೆ ಮಾಡಿ ಕೂತರು. ಟೀಚರ್ ವಾಪಸ್ ಬಂದರು.

ಡಯಲ್ ಅಪ್ ಇಂಟರ್ನೆಟ್ಟು ಕಿರುಗುಟ್ಟಿ, ಅತ್ತು, ಅಂತೂ ಪುಟ ತೆರೆದುಕೊಂಡಿತು. ಆಂಟಿ ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿನಲ್ಲಿ ಕುಟ್ಟುವುದು.

‘ಚಿತ್ರ ಬರೆಯೋ ಜಾಗದಲ್ಲಿ ಚುಕ್ಕಿ ಇಟ್ಕೊಡಿ ಅಂತ ಬರಿ. ಚುಕ್ಕಿ ಇಲ್ದೇ ರಂಗೋಲಿ ಹೆಂಗೆ ಹಾಕೋದು? ಒಂದೊಂದೇ ಇಟ್ಟು ಇಟ್ಟು ಬೆರಳೆಲ್ಲ ನೋವು. ಆಮೇಲೆ ಆ ಬಣ್ಣದ ಡಬ್ಬಿ. ಗೆರೆಯಲ್ಲಿ ಕೂದಲೆಳೆ ಸಂದಿದ್ರೂ ಹರಿದು ಸ್ಕ್ರೀನೆಲ್ಲ ಕೆಂಪಾಗೋಗುತ್ತೆ. ಸಂದು ಎಲ್ಲಿದೆ ಅಂತ ಅದೇ ತೋರಿಸ್ಬೇಕು. ಮತ್ತೆ, ತಪ್ಪಾದ್ರೆ ಮೂರೇ ಸಲ ಹಿಂದಕ್ಕೆ ಹೋಗ್ಬೋದು. ನಾಲ್ಕನೇ ತಪ್ಪು ಮಾಡೋರು ಎಲ್ಲಿಗೆ ಹೋಗ್ಬೇಕು? ಸ್ಕೂಲಲ್ಲಿ ನಾನೂ ಅಷ್ಟು ಸ್ಟ್ರಿಕ್ಟ್ ಇರ್ಲಿಲ್ಲ.’

ಒಳಗೆ ಅಂಕಲ್ ಕೆಮ್ಮಿದರು. ಒರಿಜಿನಲ್ ಕೆಮ್ಮು.

‘ಇನ್ನೊಂದು ಬರಿ. ಆಫ್ ಮಾಡುವಾಗ ಮನುಷ್ಯರ ಫೋಟೋ ಇದ್ರೆ ಅದನ್ನ ಮುಟ್ಬೇಡಿ. ಮಿಕ್ಕಿದ್ದು ಏನ್ ಬೇಕಾದ್ರೂ ಮಾಡ್ಕೊಳ್ಳಿ.’

‘ಅವರಿಗೆ ಅರ್ಥ ಆಗಲ್ಲ ಆಂಟಿ. ಕಾರಣ ಕೇಳ್ತಿದಾರೆ ಇಲ್ಲಿ.’

‘ಗುರುವಾರ ನನ್ನ ಯಜಮಾನರಿಗೆ ಆಪರೇಷನ್ ಇದೆ ಅಂತ ಬರಿ. ಅವರಿಗೂ ಮದುವೆ ಆಗಿರುತ್ತಲ್ಲ.’

ಹಾಗೇ ಬರೆದೆ. ಕಳಿಸಿದೆ. ನಿಮ್ಮ ಅಮೂಲ್ಯ ಸಲಹೆಗೆ ಧನ್ಯವಾದಗಳು ಅಂತ ಮರುಕ್ಷಣವೇ ಸ್ಕ್ರೀನಿನ ಮೇಲೆ ಬಂತು.

‘ಇಷ್ಟು ಬೇಗ ಓದಿಬಿಟ್ರಾ?’ ಆಂಟಿಗೆ ಆಶ್ಚರ್ಯ.

‘ಓದಿದ್ರು ಆಂಟಿ,’ ಅಂದೆ. ಇನ್ನೇನು ಹೇಳಲಿ?

ಅಲ್ಲಿಗೆ ಕಂಪ್ಯೂಟರ್ ಆಫ್ ಮಾಡುವ ಮಾತೇ ನಿಂತುಹೋಯಿತು. ಅಂಕಲ್ ಆಪರೇಷನ್ ಮುಗಿದು ಹೊರಗೆ ಬರುವವರೆಗೆ ಅದು ಹಾಗೇ ಇರಲಿ ಅಂತ ತೀರ್ಮಾನ. ನಾನು ಸ್ಕ್ರೀನ್ ಸೇವರ್ ತೆಗೆದೆ. ಮಾನಿಟರ್ ತಾನಾಗಿ ಕಪ್ಪಾಗದ ಹಾಗೆ ಮಾಡಿದೆ. ತಮಾಷೆಗೆ ಮಾಡುತ್ತಿದ್ದೇನೆ ಅಂದುಕೊಂಡೇ ಮಾಡಿದೆ.

ಟೆಸ್ಟುಗಳೆಲ್ಲ ಮೊದಲೇ ಆಗಿದ್ದವು; ಗುರುವಾರ ಬೆಳಗಿನ ಜಾವವೇ ಆಂಟಿಯ ತಮ್ಮ ಕಾರು ತಂದಿದ್ದರು. ನಾನೂ ಆಸ್ಪತ್ರೆಗೆ ಹೊರಟು ಬಂದಿದ್ದೆ. ಆಂಟಿ ನನ್ನನ್ನು ಅಡುಗೆಮನೆಗೆ ಕರೆದರು.

‘ನೀನು ಬರ್ಬೇಡ. ಇಲ್ಲೇ ಕೂತ್ಕೋ. ಕರೆಂಟ್ ಹೋಗ್ಬಾರ್ದು.’

‘ಕರೆಂಟ್ ನನ್ನ ಕೈಲಿದೆಯಾ ಆಂಟಿ?’

‘ನೀನು ಕೂತ್ಕೋ ಅಷ್ಟೇ.’

ಅಂಕಲ್ ಹಾಲಿಗೆ ಬಂದರು. ಸ್ಕ್ರೀನಿನ ಮೇಲಿದ್ದ ತಮ್ಮನ್ನು ನೋಡಿದರು, ಮುಂದೆ ಕೂತಿದ್ದ ನನ್ನನ್ನು ನೋಡಿದರು. ‘ಏನೇ, ನನ್ನ ಫೋಟೋಗೆ ಕಾವಲು ಬೇರೆ ಇಟ್ಟಿದೀಯ?’

‘ನೀವು ಚಪ್ಪಲಿ ಹಾಕ್ಕೊಳ್ಳಿ,’ ಅಂದರು ಆಂಟಿ.

ಅಂಕಲ್ ಬಾಗಿಲಲ್ಲಿ ನಿಂತು ತಿರುಗಿದರು. ‘ಲೋ, ನನ್ನ ಥರ ಮಾತಾಡ್ತೀಯಲ್ಲ, ಒಂದ್ಸಲ ಮಾಡು ನೋಡೋಣ. ಕೇಳ್ಕೊಂಡು ಹೋಗ್ತೀನಿ.’

ಆಂಟಿಯನ್ನು ನೋಡಿದೆ. ಅವರು ನೆಲ ನೋಡುತ್ತಿದ್ದರು. ಬಾಯಿ ತೆರೆದೆ. ಏನೂ ಬರಲಿಲ್ಲ. ಸಾವಿರ ಜನರ ಮುಂದೆ ಸ್ಟೇಜಿನಲ್ಲಿ ಆಗದ್ದು, ಮೂರು ಜನರ ಮುಂದೆ ಆಯಿತು.

‘ಬಂದ್ಮೇಲೆ ಮಾಡ್ತೀನಿ ಅಂಕಲ್,’ ಅಂದೆ. ನನ್ನದೇ ಧ್ವನಿಯಲ್ಲಿ. ಅದೂ ನನಗೆ ಸರಿಯಾಗಿ ಬರಲಿಲ್ಲ.

ಅವರು ಹೋದ ಮೇಲೆ ನನ್ನನ್ನು ನಾನೇ ಆಡಿಕೊಂಡೆ. ಇಪ್ಪತ್ತನಾಲ್ಕು ವರ್ಷದ ಗಂಡಸು, ಸೈನ್ಸ್ ಓದಿದವನು, ಶಾಸ್ತ್ರ ಕೇಳುವವರನ್ನೆಲ್ಲ ಸ್ಟೇಜಿನ ಮೇಲೆ ಗೇಲಿ ಮಾಡುವವನು ಒಂದು ವಾಲ್‌ಪೇಪರನ್ನು ಕಾಯುತ್ತಿದ್ದೇನೆ! ನಾಚಿಕೆ ಬೇಡವಾ?

ಆಗ ಫ್ಯಾನ್ ನಿಂತಿತು.

ಯುಪಿಎಸ್ ಕೀಂಯ್ ಅಂತು. ಮತ್ತೆ ಕೀಂಯ್. ಅದರ ಆಯುಸ್ಸು ಹತ್ತು ನಿಮಿಷ, ನನ್ನಂಥವನು ಜೋಡಿಸಿದ್ದರೆ ಇನ್ನೂ ಕಡಿಮೆ. ಅದನ್ನು ಜೋಡಿಸಿದ್ದು ನಾನೇ.

ಸೈನ್ಸ್ ಓದಿದವನು ಏನು ಮಾಡಿದ ಗೊತ್ತೆ? ಬರಿಗಾಲಲ್ಲಿ ಮೆಟ್ಟಿಲು ಹತ್ತಿ ಓಡಿದ. ಮೇಲಿನ ಬಾಡಿಗೆ ಮನೆಯಲ್ಲಿ ಬಸಣ್ಣ ಇದ್ದಾನೆ, ಹುಬ್ಬಳ್ಳಿ ಕಡೆಯವನು. ಅವನ ಮೀಟರ್ ಬೇರೆ, ಕರೆಂಟ್ ಬರುವ ಫೇಸೂ ಬೇರೆ. ಕೆಳಗೆ ಕತ್ತಲಾದಾಗ ಮೇಲೆ ಅವನ ಟಿವಿ ಓಡುತ್ತಿರುತ್ತದೆ. (ಅವನ ಕನ್ನಡವನ್ನು ನಾನು ಎಷ್ಟು ಆಡಿಕೊಂಡಿದ್ದೇನೆ ಅಂದರೆ, ನನ್ನನ್ನು ಕಂಡರೆ ಅವನು ಬಾಯಿ ಬಿಡುವುದಿಲ್ಲ.)

‘ಬಸಣ್ಣ, ಅರ್ಜೆಂಟ್! ಎಕ್ಸ್‌ಟೆನ್ಷನ್ ವೈರ್ ಇದೆಯಾ? ಕೆಳಗಡೆ ಕಂಪ್ಯೂಟರ್ ಆಫ್ ಆಗ್ಬಿಡುತ್ತೆ!’

‘ಆಗ್ಲಿ ಬಿಡ್ರಿ. ಕರೆಂಟ್ ಬಂದಮ್ಯಾಲ ಚಾಲೂ ಮಾಡ್ರಿ.’

ಹೇಳಬೇಕಾಯಿತು. ಫೋಟೋ, ಬಣ್ಣ, ಆಪರೇಷನ್, ಆಂಟಿ, ಎಲ್ಲವನ್ನೂ ಒಂದೇ ಉಸಿರಿಗೆ. ಹೇಳುತ್ತ ಹೇಳುತ್ತ ಅವನ ನಗುವಿಗೆ ಕಾದೆ. ನಾನಾಗಿದ್ದರೆ ಹೊರಳಾಡಿ ನಗುತ್ತಿದ್ದೆ.

‘ಮೊದ್ಲ ಹೇಳೂದಿಲ್ಲೇನ್ರಿ!’

ಬಸಣ್ಣ ಆಗಲೇ ಮಂಚದ ಕೆಳಗೆ ತೂರಿದ್ದ. ವೈರು ಬಾಲ್ಕನಿಯಿಂದ ಇಳಿಯಿತು, ಕಿಟಕಿಗೆ ಮುಟ್ಟಲಿಲ್ಲ. ಅವನು ತನ್ನ ಟಿವಿಗೆ ಹಾಕಿದ್ದ ಎಕ್ಸ್‌ಟೆನ್ಷನ್ ಬೋರ್ಡನ್ನೇ ಕಿತ್ತು ಅದಕ್ಕೆ ಸೇರಿಸಿದ. ನಾನು ಕೆಳಗೆ ಕಿಟಕಿ ಸರಳಿನ ನಡುವೆ ಕೈ ತೂರಿಸಿ ತಡಕಾಡುತ್ತಿದ್ದೆ. ಒಳಗೆ ಯುಪಿಎಸ್ ನಿಲ್ಲಿಸದೆ ಕೂಗತೊಡಗಿತ್ತು.

‘ಹಿಡಿದ್ರೇನು?’

‘ಇನ್ನೊಂಚೂರು ಬಿಡು ಗುರೂ!’

‘ಈಗ?’

‘ಸಿಕ್ತು!’

ಯುಪಿಎಸ್ ಪ್ಲಗ್ಗು ಚುಚ್ಚಿದೆ. ಕೂಗು ನಿಂತಿತು. ಅಂಕಲ್ ಕೆಂಪು ಸ್ವೆಟರಿನಲ್ಲಿ ನಗುತ್ತಲೇ ಇದ್ದರು. ಬಸಣ್ಣ ಕೆಳಗಿಳಿದು ಬಂದು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡ. ಇಬ್ಬರೂ ಸ್ಕ್ರೀನ್ ನೋಡುತ್ತ ಕೂತೆವು. ಅವತ್ತು ಅವನು ಆಫೀಸಿಗೂ ಹೋಗಲಿಲ್ಲ.

ಮಧ್ಯಾಹ್ನ ದಾಟಿದ ಮೇಲೆ ಫೋನ್ ಬಂತು.

‘ಆಯ್ತು ಕಣೋ,’ ಆಂಟಿ ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ, ‘ಚೆನ್ನಾಗಾಯ್ತಂತೆ. ಗಾಜಿನಾಚೆಯಿಂದ ನೋಡ್ದೆ. ಮುಖ ಒಂಚೂರು ಬಿಳಿಚ್ಕೊಂಡಿದೆ. ಸರಿಹೋಗುತ್ತೆ ಅಂದ್ರು ಡಾಕ್ಟ್ರು. ನೀನಿನ್ನು ಆಫ್ ಮಾಡ್ಕೊಂಡು ಮನೆಗೆ ಹೋಗಿ ಊಟ ಮಾಡು.’

‘ಸರಿ ಆಂಟಿ,’ ಅಂದೆ.

ಮೌಸ್ ಹಿಡಿದೆ. ಸ್ಟಾರ್ಟ್ ಒತ್ತಿದೆ. ಬಾಣದ ಗುರುತನ್ನು ಟರ್ನ್ ಆಫ್ ಮೇಲೆ ತಂದು ನಿಲ್ಲಿಸಿದೆ. ಆಪರೇಷನ್ ಮುಗಿದಿದೆ, ಡಾಕ್ಟರ್ ಹೇಳಿದ್ದಾರೆ, ಆಂಟಿಯೇ ಅಪ್ಪಣೆ ಕೊಟ್ಟಿದ್ದಾರೆ. ಒಂದು ಬೆರಳು ಕೆಳಗಿಳಿದರೆ ಸಾಕು.

‘ಬ್ಯಾಡ ಬಿಡ್ರಿ,’ ಅಂದ ಬಸಣ್ಣ.

ಈ ಸಾಲು ಬರೆಯುವ ಹೊತ್ತಿಗೂ ಆ ಕಂಪ್ಯೂಟರ್ ಓಡುತ್ತಲೇ ಇದೆ. ಬರುವ ಬುಧವಾರ ಅಂಕಲ್ ಮನೆಗೆ ಬರುತ್ತಾರಂತೆ. ಆಫ್ ಅವರೇ ಮಾಡಿಕೊಳ್ಳಲಿ, ನನಗಂತೂ ಧೈರ್ಯವಿಲ್ಲ.