ಚನ್ನವ್ವನ ಉಪವಾಸ, ಚಿನ್ನುವಿನ ಸಂಕಟ

ರೋಣದ ಕಡಲೆ ವ್ಯಾಪಾರಿ ಈಶಪ್ಪನ ಹೆಂಡತಿ ಚನ್ನವ್ವ ಉಪವಾಸಕ್ಕೆ ಹೆಸರಾದವಳು. ಸೋಮವಾರ ಶಿವನಿಗೆ, ಶುಕ್ರವಾರ ಎಲ್ಲಮ್ಮನಿಗೆ, ಶನಿವಾರ ಹನುಮಪ್ಪನಿಗೆ. ಅಮಾವಾಸ್ಯೆಯದು ಯಾರಿಗೆಂದು ಅವಳಿಗೂ ಖಚಿತವಿರಲಿಲ್ಲ. ಆ ದಿನಗಳಲ್ಲಿ ರೊಟ್ಟಿ ಮುಟ್ಟುತ್ತಿರಲಿಲ್ಲ. ಪೂಜೆ ಮುಗಿದ ಮೇಲೆ ಸಾಬೂದಾನಿ ಖಿಚಡಿ, ಶೇಂಗಾದ ಉಂಡಿ, ಬಾಳೆಹಣ್ಣು, ಕೆನೆಹಾಲು, ಇಷ್ಟರಲ್ಲೇ ಹೇಗೋ ಜೀವ ಹಿಡಿದುಕೊಳ್ಳುತ್ತಿದ್ದಳು. ಉಪವಾಸ ಹೆಚ್ಚಾದಂತೆ ಹೆಂಡತಿ ದಪ್ಪಗಾಗುತ್ತಿದ್ದಾಳೆಂದು ಈಶಪ್ಪ ಅಂಗಡಿಯಲ್ಲಿ ಕೂತು ಹೇಳುತ್ತಿದ್ದ. ಮನೆಯಲ್ಲಿ ಹೇಳುವ ಧೈರ್ಯವಿರಲಿಲ್ಲ.

ಇಂಥ ಮನೆಗೆ ಮಗ ಅನಿಲಕುಮಾರ ಹುಬ್ಬಳ್ಳಿಯಿಂದ ಅಂಗೈಯಗಲದ ಪೊಮೇರಿಯನ್ ಮರಿಯೊಂದನ್ನು ತಂದ. ಸೊಸೆ ಪೂಜಾ ಅದಕ್ಕೆ ಚಿನ್ನು ಎಂದು ಹೆಸರಿಟ್ಟಳು. ತನ್ನ ಹೆಸರನ್ನೇ ಕತ್ತರಿಸಿ ನಾಯಿಗೆ ಇಟ್ಟಿದ್ದಾಳೆಂದು ಚನ್ನವ್ವ ವಾರವಿಡೀ ಮುನಿಸಿಕೊಂಡಳು.

ಶ್ರಾವಣದ ಒಂದು ಸೋಮವಾರ ಮಗ ಸೊಸೆ ಇಬ್ಬರೂ ಬೆಳಿಗ್ಗೆಯೇ ಗದಗಿಗೆ ಹೊರಟರು. ಮರಿಗೆ ಸ್ವಲ್ಪ ಸ್ವಲ್ಪವೇ ಆಗಾಗ ತಿನ್ನಿಸಬೇಕು, ಮಲಗಿದ್ದರೂ ಎಬ್ಬಿಸಿ ತಿನ್ನಿಸಬೇಕು ಎಂದು ಪೂಜಾ ಹೇಳಿದಳು. ಚನ್ನವ್ವ ತಲೆಯಾಡಿಸಿದಳು. ಆದರೆ ಪೂಜೆ ಮುಗಿಯುವತನಕ ಗಂಡನಿಗೇ ಚಹಾ ಕೊಡದವಳಿಗೆ ನಾಯಿಗೆ ಮೊದಲು ಬಡಿಸುವುದು ಸರಿಕಾಣಲಿಲ್ಲ. ಅದಕ್ಕೂ ಒಂದಿಷ್ಟು ಪುಣ್ಯ ಬರಲಿ ಎಂದುಕೊಂಡಳು.

ಪೂಜೆ ಮಧ್ಯಾಹ್ನದವರೆಗೆ ಎಳೆಯಿತು. ಮೊದಮೊದಲು ಗಂಟೆಯ ಸದ್ದಿಗೆ ಕುಣಿಯುತ್ತಿದ್ದ ಚಿನ್ನು ಬರಬರುತ್ತ ಮಂಕಾಯಿತು. ಕೊನೆಗೆ ಸಾರಾಯಿ ಕುಡಿದವರ ಹಾಗೆ ಓಲಾಡುತ್ತ ಬಂದು ದೇವರಕೋಣೆಯ ಹೊಸ್ತಿಲ ಮೇಲೆ ಗದ್ದ ಊರಿ ಅಡ್ಡಬಿದ್ದಿತು. ಎಂಥ ಭಕ್ತಿ ಎಂದು ಚನ್ನವ್ವ ನೆರೆಮನೆಯ ಪುಷ್ಪಾವತಿಯನ್ನು ಕರೆದು ತೋರಿಸಿದಳು. ಪುಷ್ಪಾವತಿಯೂ ಕೈಮುಗಿದಳು.

ಅಷ್ಟರಲ್ಲಿ ಭಕ್ತನ ಕಾಲು ನಡುಗತೊಡಗಿದವು. ಕಣ್ಣು ತೆರೆದಿತ್ತು, ನೋಟವಿರಲಿಲ್ಲ. ಮುಟ್ಟಿದರೆ ಕಿವಿ ತಣ್ಣಗೆ. ದೃಷ್ಟಿಯಾಗಿದೆ ಎಂದು ಪುಷ್ಪಾವತಿ ಉಪ್ಪು ಮೆಣಸಿನಕಾಯಿ ತರಲು ಓಡಿದಳು. ಚನ್ನವ್ವ ಸೊಸೆಗೆ ಫೋನ್ ಹಚ್ಚಿದಳು.

“ಅತ್ತ್ಯಾರ, ಅದರ ರಕ್ತದಾಗ ಸಕ್ಕರಿ ಇಳದೈತಿ. ಬಾಯಾಗ ಏನೂ ಹಾಕಬ್ಯಾಡ್ರಿ, ಶ್ವಾಸಕ್ಕ ಹತ್ತತೈತಿ. ಬೆರಳಿಗೆ ಜೇನತುಪ್ಪ ಹಚ್ಚಿ ಒಸಡಿಗೆ ತಿಕ್ಕ್ರಿ. ಬೆಚ್ಚಗ ಸುತ್ತಿ ಲಗೂನ ದವಾಖಾನಿಗೆ ಒಯ್ರಿ.”

ಜೇನುತುಪ್ಪ ಕೈಗೆ ಸಿಗುವಂತೆಯೇ ಇತ್ತು, ಅಭಿಷೇಕದ ಬಟ್ಟಲಿನಲ್ಲಿ. ಶಿವನಿಗೆ ಇನ್ನೂ ಏರಿಸಿರಲಿಲ್ಲ. ಚನ್ನವ್ವ ಒಮ್ಮೆ ಲಿಂಗದ ಕಡೆ ನೋಡಿದಳು.

“ನೀ ಸ್ವಲ್ಪ ತಡಿಯಪಾ,” ಎಂದು ಬಟ್ಟಲಿಗೆ ಬೆರಳದ್ದಿದಳು.

ಒಸಡಿಗೆ ತಿಕ್ಕಿ, ಸೆರಗಿನಲ್ಲಿ ಸುತ್ತಿಕೊಂಡು ಆಟೋ ಹತ್ತಿದಳು. ದಾರಿಯಲ್ಲೂ ತಿಕ್ಕಿದಳು. ದವಾಖಾನೆ ಹತ್ತಿರ ಬರುವಾಗ ಪುಟ್ಟ ನಾಲಿಗೆಯೊಂದು ಅವಳ ಬೆರಳನ್ನು ನೆಕ್ಕಿತು. ಆಗಲೇ ಅವಳಿಗೆ ಅಳು ಬಂದದ್ದು.

ಪಶುವೈದ್ಯ ಜಹೀರ ಕಿವಿಯಿಂದ ಹನಿ ರಕ್ತ ತೆಗೆದು ನೋಡಿ ಗ್ಲೂಕೋಸ್ ಕೊಟ್ಟರು. ಯಾರೂ ಕೇಳದಿದ್ದರೂ ಚನ್ನವ್ವ ತಾನು ಮರಿಯನ್ನು ಉಪವಾಸ ಕೆಡವಿದ್ದನ್ನು ಹೇಳಿಬಿಟ್ಟಳು.

“ನೀವು ಉಪಾಸ ಮಾಡಿದ್ರ ನಡಿತೈತ್ರಿ ಅವ್ವಾರ, ನಿಮ್ಮ ಮೈಯಾಗ ದಾಸ್ತಾನ ಭಾಳ ಐತಿ,” ಎಂದರು ಜಹೀರ. “ಈ ಸಣ್ಣ ಜಾತಿ ಮರಿಗೆ ಗೋದಾಮನ ಇಲ್ಲ. ಒಂದೊತ್ತು ತಪ್ಪಿದ್ರ ಹಿಂಗ ಆಗತೈತಿ.”

ಥಂಡಿ ಹತ್ತಿದರೂ, ಭೇದಿಯಾದರೂ, ಹೊಟ್ಟೆಯಲ್ಲಿ ಹುಳವಿದ್ದರೂ, ಅತಿಯಾಗಿ ಆಡಿ ದಣಿದರೂ ಸಕ್ಕರೆ ಇಳಿಯಬಹುದು. ಮಂಕಾಗಿ ತೂಗಾಡಿದರೆ ನಿದ್ದೆ ಎಂದುಕೊಳ್ಳಬಾರದು ಎಂದೂ ತಿಳಿಸಿದರು. ದಾಸ್ತಾನಿನ ಮಾತೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಚನ್ನವ್ವ ಮನೆಯಲ್ಲಿ ಹೇಳಿದಳು.

ಪೂಜಾ ಕೆಲವು ದಿನ ಅತ್ತೆಯೊಡನೆ ಮಾತು ಬಿಟ್ಟಳು. ಚನ್ನವ್ವ ಎದುರಾಡದೆ ಮರಿಯ ಊಟದ ಹೊಣೆ ಹೊತ್ತುಕೊಂಡಳು. ಮೊಟ್ಟೆಯ ಹೆಸರೆತ್ತಿದರೆ ಬಾಯಿ ತೊಳೆಯುತ್ತಿದ್ದವಳು ಮುಖ ಆಚೆ ತಿರುಗಿಸಿಕೊಂಡು ಬೇಯಿಸಿದ ಮೊಟ್ಟೆ ಸುಲಿದಳು.

ಈಗ ಯಾರ ಮನೆಯಲ್ಲಿ ಮರಿ ಕಂಡರೂ ಅವಳು ಪಾಠ ಶುರುಮಾಡುತ್ತಾಳೆ. ಮೊನ್ನೆ ಅಸೂಟಿ ಎಂಬ ಹಳ್ಳಿಗೆ ಮದುವೆಗೆ ಹೋದವಳು ಅಲ್ಲಿಯ ರೈತ ಹನಮಪ್ಪನ ಅಂಗಳದಲ್ಲಿ ಕಟ್ಟಿದ್ದ ಮರಿಗೆ ಹೊತ್ತುಹೊತ್ತಿಗೆ ತಿನ್ನಿಸುತ್ತೀರೋ ಇಲ್ಲವೋ ಎಂದು ಜೋರು ಮಾಡಿದಳು. ಅದು ಮುಧೋಳದ ಬೇಟೆ ನಾಯಿ, ಆಗಲೇ ಕರುವಿನಷ್ಟಿದೆ, ಇಂಥದ್ದಕ್ಕೆ ಆ ಭಯವಿಲ್ಲ ಎಂದು ಹನಮಪ್ಪ ಹೇಳಿ ನೋಡಿದ. ಚನ್ನವ್ವ ಕೇಳಲಿಲ್ಲ. ಮದುವೆಯ ಊಟದ ಚಪಾತಿಗಳನ್ನು ತಂದು ಅದಕ್ಕೆ ತಿನ್ನಿಸಿಯೇ ಬಸ್ಸು ಹತ್ತಿದಳು.