ಇನ್ಸುಲಿನ್ ಬಿಟ್ಟ ಕುದುರೆ ಸವಾರ

೧೯೭೯. ಕುಣಿಗಲ್ಲಿನಲ್ಲಿ ನಾನು ಸ್ವಂತ ಕ್ಲಿನಿಕ್ ತೆರೆದು ಒಂದು ವರ್ಷವಾಗಿತ್ತು. ನನ್ನ ತವರು ಗುಬ್ಬಿ. ಎಂ.ಬಿ.ಬಿ.ಎಸ್. ಮುಗಿಸಿ, ಬೆಂಗಳೂರಿನ ಆಸ್ಪತ್ರೆಯೊಂದರ ಮಧುಮೇಹ ವಿಭಾಗದಲ್ಲಿ ಕೆಲವು ಕಾಲ ದುಡಿದು, ಮದುವೆಯಾಗಿ ಈ ಊರಿಗೆ ಬಂದಿದ್ದೆ. ಸಕ್ಕರೆ ಕಾಯಿಲೆ ಎಂದರೆ ಐವತ್ತು ದಾಟಿದ, ಹೊಟ್ಟೆ ಬಂದ ಯಜಮಾನರ ಕಾಯಿಲೆ ಎಂದೇ ಜನ ತಿಳಿದಿದ್ದ ದಿನಗಳವು. ಹಾಗಾಗಿ ಪುಟ್ಟತಾಯಮ್ಮ ತನ್ನ ಹತ್ತೊಂಬತ್ತು ವರ್ಷದ ಮಗ ನಂಜುಂಡನನ್ನು ಕರೆತಂದು ಬೆಂಚಿನ ಮೇಲೆ ಕೂರಿಸಿದಾಗ, ಆಕೆಯ ಮನಸ್ಸಿನಲ್ಲಿದ್ದದ್ದು ಟಿ.ಬಿ.

"ಕ್ಷಯ ಅಂತ ಬಾಯಿ ಬಿಟ್ ಹೇಳ್ಬುಡಿ ಡಾಕ್ಟ್ರಮ್ಮ, ನಾನು ತಡ್ಕೋತೀನಿ" ಎಂದಳು.

ಹುಡುಗ ಅಷ್ಟು ಸೊರಗಿದ್ದ. ಕಾಲರ್ ಮೂಳೆ ಎದ್ದು ಕಾಣುತ್ತಿತ್ತು, ತುಟಿ ಒಣಗಿ ಬಿರಿದಿತ್ತು. ಕೂತಲ್ಲೇ ಎರಡು ಲೋಟ ನೀರು ಕುಡಿದ. ತೂಕ ಮೂವತ್ತೆಂಟು ಕೆ.ಜಿ. ಅವನ ಮೂತ್ರದ ಹನಿಗಳನ್ನು ಬೆನೆಡಿಕ್ಟ್ ದ್ರಾವಣಕ್ಕೆ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸಿದೆ. ಸಕ್ಕರೆ ಇಲ್ಲದಿದ್ದರೆ ಆ ದ್ರಾವಣ ನೀಲಿಯಾಗಿಯೇ ಉಳಿಯುತ್ತದೆ. ಸಕ್ಕರೆ ಹೆಚ್ಚಿದಂತೆ ಹಸಿರು, ಹಳದಿ, ಕೊನೆಗೆ ಇಟ್ಟಿಗೆ ಬಣ್ಣ. ನಂಜುಂಡನದು ಕುದಿಯುವ ಮೊದಲೇ ಇಟ್ಟಿಗೆ ಬಣ್ಣಕ್ಕೆ ತಿರುಗಿತು.

ಇದು ಟೈಪ್ ಒನ್ ಡಯಾಬಿಟಿಸ್. ಮೇದೋಜೀರಕ ಗ್ರಂಥಿ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸಿಬಿಡುತ್ತದೆ. ಉಂಡ ಅನ್ನ ರಕ್ತದಲ್ಲಿ ಸಕ್ಕರೆಯಾಗುತ್ತದೆ, ಆದರೆ ಇನ್ಸುಲಿನ್ ಇಲ್ಲದೆ ಅದು ಮೈಗೆ ಹತ್ತದೆ ಮೂತ್ರದಲ್ಲಿ ಹರಿದುಹೋಗುತ್ತದೆ. ಹೊಟ್ಟೆ ತುಂಬ ಉಂಡವನ ದೇಹವೂ ಉಪವಾಸ ಬಿದ್ದಂತೆ ತನ್ನ ಕೊಬ್ಬನ್ನೂ ಮಾಂಸವನ್ನೂ ಕರಗಿಸಿಕೊಳ್ಳತೊಡಗುತ್ತದೆ. ಮಾತ್ರೆಯಿಂದ ಆಗುವ ಕೆಲಸವಲ್ಲ, ಬದುಕಿರುವವರೆಗೂ ಚುಚ್ಚುಮದ್ದು ಬೇಕು. ಅದನ್ನು ಹೇಳಿದಾಗ ತಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮಗ ಕೇಳಿದ್ದು ಒಂದೇ ಪ್ರಶ್ನೆ:

"ಕುದ್ರೆ ಹತ್ಬೋದಾ?"

ಅವನ ಅಪ್ಪ ಊರಿನ ಕುದುರೆ ಫಾರಮಿನಲ್ಲಿ ಕುದುರೆಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದು ತೀರಿಕೊಂಡಿದ್ದರು. ನಂಜುಂಡ ನಡೆಯುವುದನ್ನು ಕಲಿತದ್ದೇ ಕುದುರೆಗಳ ಕಾಲ ಸಂದಿಯಲ್ಲಿ ಎಂದು ಪುಟ್ಟತಾಯಮ್ಮ ಹೇಳುತ್ತಿದ್ದಳು. ಕಾಯಿಲೆ ಬೀಳುವ ಮೊದಲು ಬೆಂಗಳೂರಿನ ಒಬ್ಬ ತರಬೇತುದಾರರ ಲಾಯದಲ್ಲಿ, ಬೆಳಗಿನ ಹೊತ್ತು ರೇಸ್ ಕುದುರೆಗಳನ್ನು ಓಡಿಸಿ ಅಭ್ಯಾಸ ಮಾಡಿಸುವ ಕೆಲಸ ಅವನಿಗೆ ಸಿಕ್ಕಿತ್ತು. ಮುಂದೆ ಜಾಕಿಯಾಗಬೇಕು, ರೇಸಿನಲ್ಲಿ ಓಡಿಸಬೇಕು ಎಂಬುದೊಂದೇ ಅವನ ಆಸೆ.

"ಹತ್ತಬಹುದು ಕಣೋ. ಆದರೆ ದಿನವೂ ಸೂಜಿ ಚುಚ್ಚಿಕೊಂಡು, ಹೊತ್ತಿಗೆ ಸರಿಯಾಗಿ ಉಂಡು ಹತ್ತಬೇಕು" ಎಂದೆ.

ಅವನು ಬೇಗ ಕಲಿತ. ಗಾಜಿನ ಸಿರಿಂಜನ್ನು ಬಿಸಿನೀರಿನಲ್ಲಿ ಕುದಿಸುವುದು, ಇನ್ಸುಲಿನ್ ಬಾಟಲಿಯನ್ನು ಅಂಗೈಯಲ್ಲಿ ಮೆಲ್ಲಗೆ ಉರುಳಿಸುವುದು, ತೊಡೆಯ ಚರ್ಮ ಹಿಡಿದು ಚುಚ್ಚುವುದು. ಮನೆಯಲ್ಲಿ ಫ್ರಿಜ್ ಇರಲಿಲ್ಲ. ಪುಟ್ಟತಾಯಮ್ಮ ನೀರಿನ ಮಡಕೆಯ ಪಕ್ಕದ ತೇವದ ಮರಳಿನಲ್ಲಿ ಬಾಟಲಿ ಇಡುತ್ತಿದ್ದಳು. ಮೂರು ತಿಂಗಳಲ್ಲಿ ಕೆನ್ನೆ ತುಂಬಿತು. "ನನ್ ಮಗ ಮತ್ತೆ ಮನ್ಸನಂಗಾದ" ಎಂದು ಆಕೆ ಕ್ಲಿನಿಕ್ಕಿಗೆ ಬಂದವರಿಗೆಲ್ಲ ತೋರಿಸಿದಳು. ತಕ್ಕಡಿಯ ಮೇಲೆ ನಿಂತ ನಂಜುಂಡನ ಮುಖದಲ್ಲಿ ಮಾತ್ರ ಗೆಲುವಿರಲಿಲ್ಲ. ಮುಳ್ಳು ಐವತ್ತು ದಾಟಿತ್ತು.

"ಕಾಯ್ಲೆಗೆ ಮುಂಚೆ ನಲ್ವತ್ತಾರು ಇದ್ದೆ" ಎಂದ.

"ಹೋದದ್ದು ಬಂದಿದೆ. ಜೊತೆಗೆ ನೀನಿನ್ನೂ ಬೆಳೆಯುವ ಹುಡುಗ."

"ಕುದ್ರೆಗೆ ಭಾರ ಅಂತ ನಲ್ವತ್ತೇಳು ದಾಟಿದ್ರೆ ರೇಸಿಗೆ ಹತ್ಸಲ್ಲ ಡಾಕ್ಟ್ರಮ್ಮ."

ಅದಾದ ಮೇಲೆ ಅವನ ತೂಕ ಇಳಿಯತೊಡಗಿತು. ಜೊತೆಗೇ ಮೂತ್ರ ಪರೀಕ್ಷೆ ಮತ್ತೆ ಇಟ್ಟಿಗೆ ಬಣ್ಣ ತೋರಿಸಿತು. ಔಷಧ ಬಿಸಿಲಿಗೆ ಕೆಟ್ಟಿರಬಹುದೆಂದು ಹೊಸ ಬಾಟಲಿ ಕೊಟ್ಟೆ. ಬದಲಾಗಲಿಲ್ಲ. ಒಂದು ದಿನ ಅವನ ತಾಯಿಯನ್ನು ಹೊರಗೆ ಕೂರಿಸಿ, ಬಾಗಿಲು ಹಾಕಿ ನೇರವಾಗಿ ಕೇಳಿದೆ:

"ಸೂಜಿ ಹಾಕಿಕೊಳ್ಳುತ್ತಿದ್ದೀಯೋ ಇಲ್ಲವೋ?"

"ಅರ್ಧ ಹಾಕ್ತೀನಿ. ಒಂದೊಂದ್ ದಿನ ಅದೂ ಇಲ್ಲ. ಹಾಕುದ್ರೆ ದಪ್ಪ ಆಯ್ತೀನಿ. ಬುಟ್ರೆ ತೂಕ ತಾನಾಗೇ ಇಳೀತದೆ" ಎಂದ.

ಬೆಂಗಳೂರಿನ ವಿಭಾಗದಲ್ಲೂ ಯಾರ ಬಾಯಲ್ಲೂ ನಾನು ಈ ಮಾತು ಕೇಳಿರಲಿಲ್ಲ. ಕಾಯಿಲೆಯನ್ನೇ ತೂಕ ಇಳಿಸುವ ಉಪಾಯ ಮಾಡಿಕೊಂಡಿದ್ದ! ಬೈಯಬೇಕೆನಿಸಿತು. ಬೈದರೆ ನಾಳೆಯಿಂದ ಸುಳ್ಳು ಹೇಳುತ್ತಾನೆ ಎಂದು ತಡೆದುಕೊಂಡೆ. ಅವನು ಕರಗಿಸುತ್ತಿರುವುದು ಬರೀ ಕೊಬ್ಬಲ್ಲ, ಲಗಾಮು ಹಿಡಿಯುವ ತೋಳನ್ನು, ಜೀನಿನ ಮೇಲೆ ನಿಲ್ಲಿಸುವ ತೊಡೆಯನ್ನು ಎಂದು ವಿವರಿಸಿದೆ. ಕೊಬ್ಬು ಅತಿಯಾಗಿ ಕರಗಿದಾಗ ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ಸೇರಿ ವಾಂತಿ, ಏದುಸಿರು ಬಂದು ಪ್ರಾಣ ಹೋಗಬಹುದು ಎಂದೂ ಹೇಳಿದೆ.

"ನಂಜುಂಡ, ಇನ್ಸುಲಿನ್ ಬಿಡಬೇಡ. ತೂಕದ ಲೆಕ್ಕ ನಾವಿಬ್ಬರೂ ಕೂತು ಬೇರೆ ದಾರಿಯಲ್ಲಿ ಸರಿ ಮಾಡೋಣ" ಎಂದೆ.

ಅವನ ದಿನಚರಿ ಕೇಳಿದ ಮೇಲೆ ಒಂದು ವಿಷಯ ತಿಳಿಯಿತು. ಪೂರ್ತಿ ಡೋಸ್ ಹಾಕಿಕೊಳ್ಳುತ್ತಿದ್ದಾಗ, ಬೆಳಿಗ್ಗೆ ಊರಿನ ಫಾರಮಿನಲ್ಲಿ ಕುದುರೆ ಓಡಿಸಿ ಬಂದ ಮೇಲೆ ಅವನ ಸಕ್ಕರೆ ವಿಪರೀತ ಇಳಿಯುತ್ತಿತ್ತು. ಕೈ ನಡುಗಿ, ಬೆವತು, ಹಸಿವು ತಾಳದೆ ಬೆಲ್ಲ, ಬನ್ನು, ಮುದ್ದೆ ಸಿಕ್ಕಿದ್ದೆಲ್ಲ ತಿನ್ನುತ್ತಿದ್ದ. ತೂಕ ಏರಿದ್ದಕ್ಕೆ ಅದೂ ಒಂದು ಕಾರಣ. ಸವಾರಿಯ ದಿನಗಳಿಗೆ ಬೆಳಗಿನ ಡೋಸ್ ಸ್ವಲ್ಪ ಕಡಿಮೆ ಮಾಡಿದೆ. ಕುದುರೆ ಹತ್ತುವ ಮೊದಲು ಒಂದು ಬಾಳೆಹಣ್ಣು, ಮಧ್ಯಾಹ್ನ ದೊಡ್ಡ ಮುದ್ದೆಯ ಬದಲು ಚಿಕ್ಕದು, ಜೊತೆಗೆ ಹುರುಳಿಕಾಳು, ಸೊಪ್ಪಿನ ಸಾರು. ಪುಟ್ಟತಾಯಮ್ಮನಿಗೆ ಇದು ಹಿಡಿಸಲಿಲ್ಲ. "ಬೆಳ್ಯೋ ಹುಡ್ಗುಂಗೆ ಅರ್ಧ ಹೊಟ್ಟೆ ಇಕ್ಕದಾ?" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡಳು.

ಫಲ ಮಾತ್ರ ಬಂತು. ಪರೀಕ್ಷೆಯ ಬಣ್ಣ ಹಸಿರು, ನೀಲಿಯ ನಡುವೆ ನಿಂತಿತು. ತೂಕ ನಲವತ್ತೊಂಬತ್ತರಲ್ಲಿ ಸ್ಥಿರವಾಯಿತು. ಅವನ ಎತ್ತರಕ್ಕೆ, ವಯಸ್ಸಿಗೆ ಅದಕ್ಕಿಂತ ಕೆಳಗೆ ಹೋಗುವುದು ಕ್ಷೇಮವಲ್ಲ ಎಂದೆ. ತಲೆಯಾಡಿಸಿದ. ಬೆಂಗಳೂರಿಗೆ ಹಿಂತಿರುಗಿ, ಬೆಳಗಿನ ಅಭ್ಯಾಸ ಮಾಡಿಸುವ ಹಳೆಯ ಕೆಲಸಕ್ಕೆ ಸೇರಿ, ರಜೆ ಸಿಕ್ಕಾಗಲೆಲ್ಲ ಬಂದು ತೋರಿಸಿಕೊಂಡು ಹೋಗುತ್ತಿದ್ದ. ಬಂದಾಗ ಕುದುರೆಗಳದೇ ಮಾತು. ಯಾವುದು ತುಂಟ, ಯಾವುದಕ್ಕೆ ಕಿವಿ ಹಿಂದೆ ಕೆರೆದರೆ ಖುಷಿ. ರೋಗಿಗಳು ಕಾಯುತ್ತಿದ್ದರೂ ನಾನು ಕೇಳಿಸಿಕೊಳ್ಳುತ್ತಿದ್ದೆ. ನನ್ನ ಕೈಗುಣದ ಬಗ್ಗೆ ನನಗೇ ಹೆಮ್ಮೆಯೆನಿಸಿದ ಕಾಲ ಅದು.

೧೯೮೧ರ ಬೇಸಿಗೆಯಲ್ಲಿ ಅವನು ಬರುವುದು ನಿಂತಿತು. ಕೆಲಸ ಜಾಸ್ತಿಯಂತೆ ಎಂದಳು ತಾಯಿ. ಒಂದು ಮಧ್ಯಾಹ್ನ ಕ್ಲಿನಿಕ್ ಮುಚ್ಚುವ ಹೊತ್ತಿಗೆ ಬೆಂಗಳೂರಿನ ಬಸ್ಸಿನ ಕಂಡಕ್ಟರ್ ಅವನನ್ನು ತೋಳು ಹಿಡಿದು ತಂದು ಬಿಟ್ಟರು. ದಾರಿಯುದ್ದಕ್ಕೂ ವಾಂತಿ ಮಾಡಿದನೆಂದರು. ಬಾಗಿಲಲ್ಲಿ ನಿಂತವನ ಉಸಿರು ನನಗೆ ಕೇಳಿಸುತ್ತಿತ್ತು. ಆಳವಾದ, ಬಿಡುವಿಲ್ಲದ ಉಸಿರು. ಅದರಲ್ಲಿ ಕೊಳೆತ ಹಣ್ಣಿನ ವಾಸನೆ. ಕೀಟೋನ್ ಆಮ್ಲ ರಕ್ತದಲ್ಲಿ ಮಿತಿಮೀರಿದ ಕೀಟೋ ಅಸಿಡೋಸಿಸ್ ಎಂದು ತಿಳಿಯಲು ಯಾವ ಪರೀಕ್ಷೆಯೂ ಬೇಕಿರಲಿಲ್ಲ.

"ಓಡ್ಸಿದೆ ಡಾಕ್ಟ್ರಮ್ಮ" ಎಂದ. ಕಣ್ಣು ಒಳಗೆ ಹೋಗಿದ್ದರೂ ನಗುತ್ತಿದ್ದ. "ನಿನ್ನೆ ರೇಸು. ನಲ್ವತ್ತಾರೂವರೆಗೆ ಇಳ್ದಿದ್ದೆ. ಆರ್ನೇದಾಗಿ ಬಂದ್ವಿ, ಆದ್ರೂ ಓಡ್ಸಿದೆ."

ರೇಸಿಗೆ ಗೊತ್ತು ಮಾಡಿದ್ದ ಸವಾರನಿಗೆ ಪೆಟ್ಟಾಗಿ ಅವನಿಗೆ ಅವಕಾಶ ಬಂದಿತ್ತು. ಕಾಯಿಲೆಯ ವಿಷಯ ಲಾಯದಲ್ಲಿ ಯಾರಿಗೂ ತಿಳಿಸಿರಲಿಲ್ಲ. ಮೊದಲು ಡೋಸ್ ಅರ್ಧ ಮಾಡಿ, ಆಮೇಲೆ ಪೂರ್ತಿ ನಿಲ್ಲಿಸಿದ್ದ.

"ಈಗ ಹಾಕಿ ಡಾಕ್ಟ್ರಮ್ಮ. ಇನ್ ಬುಡಾಕಿಲ್ಲ" ಎಂದು ತಾನೇ ತೋಳು ಚಾಚಿದ.

ಸಲೈನ್ ಏರಿಸಿದೆ, ಬೇಗ ಕೆಲಸ ಮಾಡುವ ಪ್ಲೇನ್ ಇನ್ಸುಲಿನ್ ಕೊಟ್ಟೆ. ಪುಟ್ಟತಾಯಮ್ಮನಿಗೆ ಹೇಳಿಕಳಿಸಿ, ಪರಿಚಯದವರ ಅಂಬಾಸಿಡರ್ ಕಾರು ತರಿಸಿ, ಹಿಂದಿನ ಸೀಟಿನಲ್ಲಿ ಅವನನ್ನು ತಾಯಿಯ ತೊಡೆಯ ಮೇಲೆ ಮಲಗಿಸಿ, ಸಲೈನ್ ಬಾಟಲಿ ಎತ್ತಿ ಹಿಡಿದುಕೊಂಡು ತುಮಕೂರಿಗೆ ಹೊರಟೆ. ಹೆಬ್ಬೂರು ದಾಟುವವರೆಗೂ ಮಾತಾಡುತ್ತಿದ್ದ. ಪುಟ್ಟತಾಯಮ್ಮ ಅವನ ಹಣೆ ಸವರುತ್ತ, "ಏನ್ಲಾ ಮಗ, ಕೋಳಿಮರಿ ತೂಕ ಇಲ್ವಲ್ಲೋ ನೀನು" ಎನ್ನುತ್ತಿದ್ದಳು. ತುಮಕೂರು ಸೇರುವ ಹೊತ್ತಿಗೆ ಅವನಿಗೆ ಪ್ರಜ್ಞೆ ಇರಲಿಲ್ಲ. ಆಸ್ಪತ್ರೆಯವರು ಮಾಡಬಹುದಾದದ್ದನ್ನೆಲ್ಲ ಮಾಡಿದರು. ನಾನೂ ಹಾಸಿಗೆಯ ಪಕ್ಕ ಬಿಟ್ಟು ಕದಲಲಿಲ್ಲ. ಮರುದಿನ ಬೆಳಿಗ್ಗೆ, ವಾರ್ಡಿನಲ್ಲಿ ಕಾಫಿ ಹಂಚುತ್ತಿದ್ದ ಹೊತ್ತಿನಲ್ಲಿ, ಅವನ ಹೃದಯ ನಿಂತಿತು.

ಎದೆ ಒತ್ತಿ ಒತ್ತಿ ನನ್ನ ಕೈ ಸೋತಿತ್ತು. ಹೊರಗಿನ ಜಗುಲಿಯಲ್ಲಿ ಪುಟ್ಟತಾಯಮ್ಮನ ಪಕ್ಕ ಕೂತೆ. ಆಕೆ ಅಳುತ್ತಿರಲಿಲ್ಲ. ನನ್ನ ಕಡೆ ತಿರುಗಿ ಕೇಳಿದಳು:

"ಸೂಜಿ ನೋಯ್ತದೆ ಅಂತ ಬುಟ್ಟನಾ ಡಾಕ್ಟ್ರಮ್ಮ?"

ಹೌದು ಎಂದುಬಿಡಬಹುದಿತ್ತು. ಆದರೆ ಆ ಹುಡುಗ ನೋವಿಗೆ ಹೆದರಿದವನೆಂದು ಅವನ ತಾಯಿ ತಿಳಿಯುವುದನ್ನು ನನಗೆ ಸಹಿಸಲಾಗಲಿಲ್ಲ. ನಿಜ ಹೇಳಿದೆ. ರೇಸಿನ ಮಾತು, ತೂಕದ ಮಾತು, ಅಂದು ಬಾಗಿಲು ಹಾಕಿ ಅವನಿಂದ ಕೇಳಿದ ಮಾತು ಎಲ್ಲ. ಆಕೆ ಕೇಳಿಸಿಕೊಂಡು, ಹುಲ್ಲು ಕೊಯ್ದು ಬಿರುಕುಬಿಟ್ಟ ತನ್ನ ಕೈಗಳನ್ನೇ ನೋಡುತ್ತ ಅಂದಳು:

"ನಂಗೊಂದ್ ಮಾತ್ ಹೇಳಿದ್ರೆ ನಾನೂ ಅವನ್ ಜೊತೆ ಹೋಗಿರ್ತಿದ್ದೆ. ಲಾಯದಲ್ಲಿ ಲದ್ದಿ ಬಾಚ್ಕೊಂಡಿರ್ತಿದ್ದೆ. ದಿನಾ ನಾನೇ ಚುಚ್ತಿದ್ದೆ. ಅವ್ನು ಓಡ್ಸೋದ್ನ ನಾನೂ ಒಂದ್ಸಲ ನೋಡ್ತಿದ್ದೆ."

ಆಮೇಲೆ ಅತ್ತಳು. ನಾನೂ ಅತ್ತೆ. ವೈದ್ಯರು ರೋಗಿಯ ಕಡೆಯವರ ಎದುರು ಅಳಬಾರದೆಂದು ನಮಗೆ ಕಲಿಸಿದ್ದರು. ಆ ಪಾಠ ಅವತ್ತು ನನ್ನ ನೆನಪಿಗೆ ಬರಲಿಲ್ಲ.

ಮುಂದೆ ಎಷ್ಟೋ ವರ್ಷ ಟೈಪ್ ಒನ್ ರೋಗಿಗಳನ್ನು ನೋಡಿದೆ. ಮದುವೆ ಗೊತ್ತಾದ ಹುಡುಗಿಯರು, ಪೊಲೀಸ್ ಕೆಲಸಕ್ಕೆ ಸೇರಬೇಕೆಂದವರು, ಗಂಡ ದಪ್ಪಗಾದೆ ಎಂದನೆಂದು ಡೋಸ್ ತಪ್ಪಿಸಿದವರು. ಇನ್ಸುಲಿನ್ ಎಷ್ಟು, ಊಟ ಎಷ್ಟು, ತೂಕ ಎಷ್ಟು ಎಂದು ಹೊಂದಿಸುವುದು ಕಷ್ಟವಾದರೂ ಕಲಿಯಬಹುದಾದ ವಿದ್ಯೆ. ಅದನ್ನು ಓದಿ ಕಲಿತಿದ್ದೆ. ಒಬ್ಬ ಮನುಷ್ಯ ಯಾವುದಕ್ಕಾಗಿ ತನ್ನ ಜೀವವನ್ನೇ ಪಣಕ್ಕೆ ಒಡ್ಡಿಯಾನು ಎಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ. ನಂಜುಂಡನ ನಂತರ, ಔಷಧದ ಚೀಟಿ ಬರೆಯುವ ಮೊದಲು ಪ್ರತಿಯೊಬ್ಬರನ್ನೂ ಅದನ್ನೇ ಕೇಳುತ್ತಿದ್ದೆ. ಆಮೇಲೆ ಬಾಗಿಲು ತೆರೆದು, ಹೊರಗೆ ಕೂತಿರುವ ತಾಯಿಯನ್ನೋ ಅಣ್ಣನನ್ನೋ ಒಳಗೆ ಕರೆಯಲೇ ಎಂದು ಅವರ ಒಪ್ಪಿಗೆ ಕೇಳುತ್ತಿದ್ದೆ. ಹೆಚ್ಚಿನವರು ಹೂಂ ಎನ್ನುತ್ತಿದ್ದರು.