ಎಡೆಗೆ ಮೊದಲು ತೆಗೆದಿಟ್ಟ ಉಂಡೆ

ನನ್ನ ಬಾಯಿ ಮೊದಲಿನಿಂದಲೂ ಜೋರು. ಮದುವೆಯಾಗಿ ಮಾನ್ವಿಗೆ ಬಂದು, ಗಂಡನ ಮನೆಯವರ ಸಭೆಯಲ್ಲಿ ದೀಕ್ಷಾಸ್ನಾನ ತೆಗೆದುಕೊಂಡ ಮೇಲೆ ಅದಕ್ಕೆ ಧರ್ಮದ ಬಲವೂ ಸೇರಿತು. ಹುಟ್ಟಾ ಕ್ರೈಸ್ತರಾದವರೇ ಹಬ್ಬದ ದಿನ ಪಕ್ಕದ ಮನೆಯ ಹೋಳಿಗೆಯನ್ನು ಸದ್ದಿಲ್ಲದೆ ತಿನ್ನುತ್ತಿದ್ದರು. ನಾನು ಮಾತ್ರ ವಿಗ್ರಹಕ್ಕೆ ಇಟ್ಟದ್ದನ್ನು ಮುಟ್ಟುತ್ತಿರಲಿಲ್ಲ. ಹೊಸದಾಗಿ ಬಂದವಳು, ಯಾರೂ ಬೆರಳು ತೋರಿಸಬಾರದು ಎಂಬ ಹಟ.

ದೇವದುರ್ಗದಲ್ಲಿದ್ದ ಅಕ್ಕ ಹಳೆಯ ದೇವರನ್ನು ಬಿಟ್ಟಿರಲಿಲ್ಲ. ನಮ್ಮ ಕಡೆ ನಾಗರ ಪಂಚಮಿಗೆ ಹೆಣ್ಣುಮಕ್ಕಳಿಗೆ ತವರಿನಿಂದ ಉಂಡೆ ಬರಬೇಕು. ಅವ್ವ ಇರುವವರೆಗೆ ಅವಳೇ ಕಟ್ಟುತ್ತಿದ್ದಳು. ನನ್ನ ಮದುವೆಯಾದ ವರ್ಷವೇ ಅವಳು ಹೋದಳು. ಆಮೇಲೆ ನನಗೆ ತವರೆಂದರೆ ಅಕ್ಕನೇ. ಪ್ರತಿ ವರ್ಷ ಪಂಚಮಿಯ ಮರುದಿನ ಸ್ಟೀಲ್ ಡಬ್ಬಿ ಹಿಡಿದು ಬಸ್ಸಿನಲ್ಲಿ ಬರುತ್ತಿದ್ದಳು. ನಾನು ಚಹಾ ಕೊಟ್ಟು, ಡಬ್ಬಿಯನ್ನು ತೆರೆಯದೆ ವಾಪಸು ಕಳಿಸುತ್ತಿದ್ದೆ.

ಕೊನೆಯ ಸಲ ಬಂದಾಗ ಅವಳಿಗೆ ಮೊಣಕಾಲು ನೋವು. ಕುಂಟುತ್ತ ಮೆಟ್ಟಿಲು ಹತ್ತಿ, "ಒಂದ್ ಮಾತು ಕೇಳಿಲ್ಲಿ, ಇವು ಅಂಥಾವಲ್ಲ ಬೇ" ಎಂದಳು.

"ನಾಗಪ್ಪಗ ಇಟ್ಟಿದ್ದು ನಾ ತಿನ್ನಂಗಿಲ್ಲ ಅಕ್ಕಾ. ಎಷ್ಟು ಸಲ ಹೇಳಬೇಕು ನಿನಗ? ನಿಯಮ ಅಂದ್ರ ನಿಯಮ."

"ಆತು ಬಿಡವಾ" ಎಂದು ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಅವಳು ಹೋದ ಮೇಲೆ ನನಗೆ ಹೆಮ್ಮೆಯಾಗಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಗಿದ್ದು ಹೆಮ್ಮೆಯೇ.

ಆ ಚಳಿಗಾಲದಲ್ಲಿ ಅಕ್ಕನಿಗೆ ಲಕ್ವಾ ಹೊಡೆಯಿತು. ರಾಯಚೂರಿನ ಆಸ್ಪತ್ರೆಗೆ ನಾನು ಮುಟ್ಟುವಷ್ಟರಲ್ಲಿ ಮಾತು ನಿಂತಿತ್ತು. ನಾಲ್ಕು ದಿನ ನನ್ನ ಕೈ ಹಿಡಿದುಕೊಂಡೇ ಇದ್ದು ಹೋಗಿಬಿಟ್ಟಳು.

ಅಕ್ಕನ ದಿನಕರ್ಮದ ಊಟಕ್ಕೆ ದೇವದುರ್ಗಕ್ಕೆ ಹೋದೆ. ಅಕ್ಕನ ಫೋಟೋದ ಮುಂದೆ ಅವಳಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟಿದ್ದರು, ಶೇಂಗಾ ಉಂಡೆಯೂ ಇತ್ತು. ಸತ್ತವರಿಗೆ ಇಟ್ಟದ್ದನ್ನೂ ನಾನು ತಿನ್ನುವಂತಿಲ್ಲ. ಮೂಲೆಯಲ್ಲಿ ಕುಳಿತಿದ್ದೆ. ಅಕ್ಕನ ಸೊಸೆ ಒಳಗಿನಿಂದ ಬೇರೊಂದು ತಟ್ಟೆಯಲ್ಲಿ ಉಂಡೆ ತಂದು ನನ್ನ ಮುಂದಿಟ್ಟಳು.

"ಎಡಿ ಇಡೂಕಿಂತ ಮೊದಲ ತೆಗೆದಿಟ್ಟೀನ್ರಿ ಸಣ್ಣತ್ತಿ. ತಿನ್ರಿ."

"ನಿನಗ ಯಾರು ಹೇಳಿದ್ರು?"

"ಅತ್ತಿ ಪ್ರತಿ ವರ್ಷ ಹಂಗ ಮಾಡ್ತಿದ್ರಲ್ರಿ. ಪಂಚಮಿಗೆ ಹಾಲು ಎರಿಯೂಕಿಂತ ಮೊದಲ ನಿಮ್ಮ ಉಂಡಿ ಬ್ಯಾರೆ ಕಟ್ಟಿ ಡಬ್ಬ್ಯಾಗ ಹಾಕಿ ಇಡ್ತಿದ್ರು. ಯಾರಿಗೂ ಮುಟ್ಟಗೊಡ್ತಿರಲಿಲ್ಲ. ಆಕಿ ದೇವ್ರು ಬ್ಯಾರೆ, ಆಕಿಗೆ ತ್ರಾಸಾಗಬಾರದು ಅಂತಿದ್ರು."

ನನ್ನ ನಿಯಮವನ್ನು ಇಷ್ಟು ವರ್ಷ ನನಗಿಂತ ಶ್ರದ್ಧೆಯಿಂದ ಪಾಲಿಸಿದವಳು ಅವಳು. ಅದನ್ನು ಹೇಳಲು ಬಾಯಿ ತೆರೆದರೆ ನಾನು ಮುಚ್ಚಿಸಿದ್ದೆ. ಉಂಡೆಯನ್ನು ಬಾಯಿಗಿಟ್ಟೆ.

ಮಾನ್ವಿಗೆ ಬಂದು ನಮ್ಮ ವಯಸ್ಸಾದ ಪಾಸ್ಟರ ಮುಂದೆ ಅಳುತ್ತ ಕುಳಿತೆ. ತಿನ್ನಬೇಡ ಎಂದು ಕಲಿಸಿದವರು ನೀವೇ ಅಲ್ಲವೇ ಎಂದು ಜಗಳವನ್ನೂ ಆಡಿದೆ.

"ಕಲಿಸಿದ್ದು ಖರೆ. ನಿನ್ನ ಮನಸ್ಸು ಎರಡು ಕಡೆ ಎಳೀಬಾರದು ಅಂತ ಆ ನಿಯಮ. ಅಕ್ಕನ ಮಾತು ಕೇಳಬ್ಯಾಡ ಅಂತ ಯಾವಾಗ ಹೇಳಿದ್ದೆ ಯವ್ವಾ?"

"ಏನಾದ್ರೂ ಶಿಕ್ಷಾ ಕೊಡ್ರಿ. ಎಷ್ಟು ದಿನ ಬೇಕಾದ್ರೂ ಉಪವಾಸ ಇರ್ತೀನಿ."

"ಮತ್ತೊಂದು ನಿಯಮ ಬೇಕೇನು ನಿನಗ? ತಪ್ಪು ತೋರಿಸೋತನಕ ಅಷ್ಟ ಅದರ ಕೆಲಸ. ತೊಳಿಯೋದು ಅದರ ಕೈಲಿ ಆಗೂದಿಲ್ಲ. ಅದಕ್ಕ ಕರ್ತನ ಹತ್ರಾನ ಹೋಗಬೇಕು."

ಹೋದೆ. ಆತ ಕ್ಷಮಿಸಿದ್ದಾನೆಂದೇ ನಂಬಿದ್ದೇನೆ. ಆದರೆ ಅಕ್ಕನ ಕ್ಷಮೆ ಕೇಳುವುದು ಉಳಿದೇಹೋಯಿತು.

ಈ ಪಂಚಮಿಗೆ ಸೊಸೆ ಅದೇ ಡಬ್ಬಿಯಲ್ಲಿ ಉಂಡೆ ಕಳಿಸಿದ್ದಳು. ಮೊದಲೇ ತೆಗೆದಿಟ್ಟದ್ದೋ ಅಲ್ಲವೋ ನಾನು ಕೇಳಲಿಲ್ಲ, ತಿಂದೆ. ಸಂಜೆ ಫೋನ್ ಮಾಡಿದಳು.

"ಅತ್ತಿ ಮಾಡಿದಂಗ ಆಗ್ಯಾವೇನ್ರಿ?"

ಅಕ್ಕ ಕಟ್ಟಿದ ಉಂಡೆ ಹೇಗಿರುತ್ತಿತ್ತೆಂದು ನನಗೆ ಗೊತ್ತೇ ಇರಲಿಲ್ಲ.